ನಕಾಶೆಯಲ್ಲಿಲ್ಲದ ಪೈಪು

ಜಾತಕ ಯಂತ್ರ ಸೊನ್ನೆ ತೋರಿಸಿದಾಗ ಬೆಳಗಿನ ಹತ್ತೂವರೆ. ಹದಿನಾಲ್ಕು ಸಾವಿರದ ಇನ್ನೂರು ಫೇಜ್‌ಗಳಲ್ಲಿ ಒಂದೂ ಕೂಡಿಬಂದಿರಲಿಲ್ಲ. ಭಾಗ್ಯಶ್ರೀ ಪರದೆಯ ಮುಂದೆ ನಿಂತೇ ಇದ್ದಳು. ಎಂಟು ವರ್ಷದ ನೌಕರಿಯಲ್ಲಿ ಅವಳು ಸೊನ್ನೆ ನೋಡಿದ್ದು ಎರಡೇ ಸಲ, ಎರಡೂ ಇದೇ ವರ್ಷ. ಆ ಇಬ್ಬರೂ ರೋಗಿಗಳು ಉಳಿದಿರಲಿಲ್ಲ. ಈ ಸಲದ ಮಾದರಿ ಶೀಷೆಯ ಮೇಲೂ ಹೆಸರಿರಲಿಲ್ಲ, ಬರೀ ಒಂದು ಸಂಖ್ಯೆ, ಅದರ ಕೆಳಗೆ ನಾಲ್ಕು ವಿವರ: ನಾಲ್ಕನೇ ವಾರ್ಡು, ಗಂಡಸು, ಅರವತ್ತಾರು, ಪಿತ್ತರಸ. ಅಷ್ಟು ಸಾಕಾಗಿತ್ತು. ಅದು ಅವಳ ಅಪ್ಪನದು.

ಅದು 2047ನೇ ಇಸವಿ. ಆ್ಯಂಟಿಬಯೋಟಿಕ್‌ಗಳು ಒಂದೊಂದಾಗಿ ಕೈಕೊಟ್ಟು ಹತ್ತು ವರ್ಷ ಕಳೆದಿತ್ತು. ಹಲ್ಲು ಕೀಳಿಸುವ ಮುಂಚೆ ಜನ ಮನೆಯಲ್ಲಿ ಎರಡು ಸಲ ಯೋಚಿಸುತ್ತಿದ್ದರು. ಮೊಣಕಾಲು ತರಚಿಕೊಂಡ ಮಕ್ಕಳನ್ನು ತಾಯಂದಿರು ಆಟದ ಬಯಲಿನಿಂದ ನೇರ ದವಾಖಾನೆಗೇ ಎತ್ತಿಕೊಂಡು ಓಡುತ್ತಿದ್ದರು. ಆ ಹೆದರಿಕೆಯ ನಡುವೆ ಊರಿಗೆ ಉಳಿದಿದ್ದ ದಾರಿ ಫೇಜ್. ಫೇಜ್ ಎಂದರೆ ಬ್ಯಾಕ್ಟೀರಿಯಾವನ್ನೇ ತಿಂದು ಬದುಕುವ ವೈರಸ್. ಮನುಷ್ಯನ ಜೀವಕೋಶದ ತಂಟೆಗೆ ಅದು ಹೋಗುವುದಿಲ್ಲ. ಆದರೆ ಊಟದಲ್ಲಿ ಬಲು ಹಟದ್ದು. ಒಂದು ಜಾತಿಯ ಬ್ಯಾಕ್ಟೀರಿಯಾದಲ್ಲೂ ಇಂಥದೇ ಹೊದಿಕೆಯದು ಬೇಕು ಎನ್ನುತ್ತದೆ, ಬೇರೆಯದನ್ನು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಜಿಲ್ಲೆಗೊಂದು ಫೇಜ್ ಭಂಡಾರ ಬಂದಿತ್ತು. ರೋಗಿಯ ಬ್ಯಾಕ್ಟೀರಿಯಾವನ್ನು ಸಾವಿರಾರು ಪುಟ್ಟ ಗುಳಿಗಳಲ್ಲಿ ಬೆಳೆಸಿ, ಭಂಡಾರದ ಒಂದೊಂದು ಫೇಜನ್ನೂ ಅದರ ಎದುರು ಬಿಟ್ಟು, ಯಾವುದು ಯಾವುದಕ್ಕೆ ಕೂಡುತ್ತದೆ ಎಂದು ಆರು ಗಂಟೆಯಲ್ಲಿ ಹೇಳುವ ಯಂತ್ರಕ್ಕೆ ಉದ್ದನೆಯ ಇಂಗ್ಲಿಷ್ ಹೆಸರೊಂದಿತ್ತು. ಬೆಳ್ಳಿಹಾಳದ ಭಂಡಾರದಲ್ಲಿ ಮಾತ್ರ ಎಲ್ಲರೂ ಅದನ್ನು ಜಾತಕ ಯಂತ್ರ ಎಂದೇ ಕರೆಯುತ್ತಿದ್ದರು.

ಹೊಸ ಫೇಜ್‌ಗಳು ಬರುತ್ತಿದ್ದದ್ದು ಒಳಚರಂಡಿಯಿಂದ. ಬ್ಯಾಕ್ಟೀರಿಯಾ ಎಲ್ಲಿ ತುಂಬಿ ಬೆಳೆಯುತ್ತದೋ ಅದನ್ನು ತಿನ್ನುವ ಫೇಜೂ ಅಲ್ಲೇ ಇರುತ್ತದೆ. ಅದಕ್ಕಾಗಿ ಊರಿನ ಮುನ್ನೂರು ಚೇಂಬರು ಗುಂಡಿಗಳಲ್ಲಿ ಒಂದೊಂದು ಕೊಳವೆ ಇಳಿಬಿಟ್ಟಿದ್ದರು. ವಾರಕ್ಕೊಮ್ಮೆ ಅದು ತಾನಾಗಿ ಒಂದು ಗುಟುಕು ನೀರು ಹೀರಿ ಭಂಡಾರಕ್ಕೆ ಕಳಿಸುತ್ತಿತ್ತು.

ಈ ಊರಿನ ಒಳಚರಂಡಿಯ ಅರ್ಧದಷ್ಟನ್ನು ಕೈಯಾರೆ ಕಟ್ಟಿದವರಲ್ಲಿ ಭಾಗ್ಯಶ್ರೀಯ ಅಪ್ಪ ಯಮನೂರಪ್ಪನೂ ಒಬ್ಬ. ಮೂವತ್ತನಾಲ್ಕು ವರ್ಷ ನಗರಪಾಲಿಕೆಯ ಒಳಚರಂಡಿ ವಿಭಾಗದಲ್ಲಿ ಗೌಂಡಿಯಾಗಿ ಇಟ್ಟಿಗೆ-ಗಾರೆ ಕೆಲಸ ಮಾಡಿದವನು. ದಾರಿಯಲ್ಲಿ ಹೋಗುವಾಗ ಚೇಂಬರಿನ ಮುಚ್ಚಳ ಕಂಡರೆ, "ಇದ ನಂದು, ಇದ ರುದ್ರಪ್ಪಂದು" ಎಂದು ತನ್ನ, ತನ್ನ ಜೊತೆಗಾರನ ಕೆಲಸದ ಗುರುತು ಹೇಳುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಅದೊಂದು ಆಟವಾಗಿತ್ತು. ಕಟ್ಟಡದ ಗೌಂಡಿಯ ಕೆಲಸ ಊರಿಗೆಲ್ಲ ಕಾಣುತ್ತದೆ, ತನ್ನ ಕೆಲಸ ನೆಟ್ಟಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಅವನು ಜಂಬದಿಂದಲೇ ಹೇಳಿಕೊಳ್ಳುತ್ತಿದ್ದ.

ಒಂದು ತಿಂಗಳ ಹಿಂದೆ ಅವನ ಯಕೃತ್ತಿನಲ್ಲಿ ಗಡ್ಡೆ ಕಾಣಿಸಿತು. ಕ್ಯಾನ್ಸರ್. ಚಿಕ್ಕದಿದ್ದಾಗಲೇ ಸಿಕ್ಕಿತ್ತು, ಸೂಜಿಯಿಂದ ಶಾಖ ಕೊಟ್ಟು ಸುಟ್ಟುಬಿಡಬಹುದಾಗಿತ್ತು. ಆದರೆ ಗಡ್ಡೆ ಪಿತ್ತನಾಳವನ್ನು ಒತ್ತಿ ಕಾಮಾಲೆ ಬಂದದ್ದರಿಂದ, ಮೊದಲು ಪಿತ್ತ ಹೊರಹೋಗಲು ಪಕ್ಕೆಯಿಂದ ಒಂದು ನಳಿಕೆ ಹಾಕಿದರು. ನಾಲ್ಕನೇ ವಾರ್ಡಿನಲ್ಲಿ ಹತ್ತು ದಿನ ಮಲಗಿದ. ಹನ್ನೊಂದನೇ ದಿನ ಚಳಿಜ್ವರ ಬಂತು.

ಸೊನ್ನೆ ಬಂದ ದಿನದ ಮಧ್ಯಾಹ್ನ ಡಾಕ್ಟರ್ ಇರ್ಫಾನ್ ಕಿತ್ತೂರ ಅವಳನ್ನು ವಾರ್ಡಿನ ಹೊರಗೆ ಕರೆದು ಮಾತಾಡಿದರು. ಯಕೃತ್ತಿನ ಕ್ಯಾನ್ಸರ್ ವಿಭಾಗ ನೋಡಿಕೊಳ್ಳುತ್ತಿದ್ದವರು ಅವರೇ.

"ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ. ನಮ್ಮ ಹತ್ರ ಇದ್ದ ಒಂದ ಔಷಧಕ್ಕೂ ಬಗ್ಗವಲ್ದು. ಜ್ವರ ಇಳೀದನ ಗಡ್ಡಿ ಸುಡಾಕ ಬರೂದಿಲ್ಲ, ಭಾಗ್ಯಶ್ರೀ. ಸುಟ್ಟ ಜಾಗಾದಾಗ ಕೀವು ತುಂಬಿಬಿಡ್ತೈತಿ."

"ಎಷ್ಟ ದಿನ ತಡೀತಾರ್ರೀ?"

"ಒಂದ ವಾರ. ಗಟ್ಟಿ ಜೀವ ಅವರದು, ಅದಕ್ಕ ವಾರ ಅಂತೀನಿ."

ಬೆಂಗಳೂರು, ಕಲಬುರಗಿ, ಮಂಗಳೂರಿನ ಭಂಡಾರಗಳಿಗೂ ಮಾದರಿ ಹೋಯಿತು. ಮರುದಿನ ಬೆಳಿಗ್ಗೆ ಮೂರೂ ಕಡೆಯಿಂದ ಒಂದೇ ಉತ್ತರ ಬಂತು. ಸೊನ್ನೆ.

ಮನೆಯಲ್ಲಿ ಅವಳ ಅವ್ವ ಹುಲಿಗೆವ್ವ ಗಂಡನ ತಾಟು, ಲೋಟ, ದೋತರಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿ ಕೋಲಿನಿಂದ ತಿರುವುತ್ತಿದ್ದಳು. ಮಗಳು ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗಲೇ ಮುಖ ಓದಿಬಿಟ್ಟಳು.

"ಸಿಗಲಿಲ್ಲಲ್ಲಾ?"

"ಇನ್ನೂ ಹುಡುಕಾಕತ್ತೀವಿ ಬೇ."

"ಊರ ಮಂದೀಗೆಲ್ಲಾ ನೀ ಹುಡುಕಿ ಕೊಟ್ಟಿ. ನಿಮ್ಮಪ್ಪಗೂ ಕೊಡ್ತಿ ತಗೊ." ಹುಲಿಗೆವ್ವ ಅಳಲಿಲ್ಲ. ಕೋಲನ್ನು ಮಾತ್ರ ಇನ್ನಷ್ಟು ಜೋರಾಗಿ ತಿರುವಿದಳು. "ಬಾ, ಕುಂದ್ರು. ಒಂದ ತುತ್ತು ಉಂಡು ಹೋಗು. ಹಸಕೊಂಡು ಕುಂತ್ರ ತಲಿ ಓಡೂದಿಲ್ಲ."

ಉಣ್ಣುವಾಗಲೇ ಅವಳ ತಲೆ ಓಡಿತು. ಈ ವರ್ಷ ಸೊನ್ನೆ ಬಂದ ಮೂವರೂ ನಾಲ್ಕನೇ ವಾರ್ಡಿನವರು. ಅಂದರೆ ಈ ಬ್ಯಾಕ್ಟೀರಿಯಾ ಆ ವಾರ್ಡಿನಲ್ಲೇ ಬೀಡುಬಿಟ್ಟಿದೆ. ಹಾಗಿದ್ದರೆ ವಾರ್ಡಿನ ಚರಂಡಿಯಲ್ಲೂ ಇರಲೇಬೇಕು, ಅದನ್ನು ತಿನ್ನುವ ಫೇಜೂ ಜೊತೆಗಿರಬೇಕು. ಕೈ ತೊಳೆದು ಫೋನಿನಲ್ಲಿ ಚರಂಡಿಯ ದಾಖಲೆ ತೆಗೆದಳು. ನಕಾಶೆಯ ಪ್ರಕಾರ ನಾಲ್ಕನೇ ವಾರ್ಡಿನ ನೀರು ಹೋಗುವುದು 212ನೇ ಚೇಂಬರಿಗೆ. ಆರು ವರ್ಷದಿಂದ 212ರ ನೀರಿನಲ್ಲಿ ಆಸ್ಪತ್ರೆಯ ಬ್ಯಾಕ್ಟೀರಿಯಾ ಒಂದು ಸಲವೂ ಸಿಕ್ಕಿರಲಿಲ್ಲ. ಅನ್ನದ ಗಂಜಿ, ಎಣ್ಣೆ, ಸಾಬೂನು. ಅಷ್ಟೇ.

ಮರುದಿನ ಬೆಳಿಗ್ಗೆ ಅವಳು ಅಪ್ಪನ ಹಾಸಿಗೆಯ ಪಕ್ಕ ಕೂತು, ಮಾತಿನ ನಡುವೆ ಇದನ್ನೂ ಹೇಳಿದಳು. ಒಳಗೆ ಬರಲು ಮೈಮುಚ್ಚುವ ನೀಲಿ ಅಂಗಿ, ಮುಖಗವಸು ಹಾಕಬೇಕಿತ್ತು. ಅವಳ ಕಣ್ಣುಗಳಷ್ಟೇ ಕಾಣುತ್ತಿದ್ದವು. ಯಮನೂರಪ್ಪನ ಕಣ್ಣುಗಳು ಅರಿಶಿನ ಹಚ್ಚಿದ ಹಾಗಿದ್ದವು. ಇಷ್ಟು ಹೊತ್ತು ಮಗಳನ್ನೇ ನೋಡುತ್ತಿದ್ದವನು, 212 ಎಂಬ ಸಂಖ್ಯೆ ಕೇಳುತ್ತಲೇ ಗೋಡೆಯ ಕಡೆ ಹೊರಳಿದ.

"ಅಪ್ಪಾ? ನೋವಾಗಾಕತ್ತೈತೇನು?"

ಅವನು ಗೋಡೆಗೇ ಹೇಳಿದ.

"ಆ ಚೇಂಬರಿಗೆ ಈ ವಾರ್ಡಿನ ನೀರ ಹೋಗೂದಿಲ್ಲ. ಬರೇ ಅಡಗಿ ಮನೀದು ಹೋಗ್ತೈತಿ."

"ನಕಾಶದಾಗ..."

"ನಕಾಶಾ ಸುಳ್ಳೈತಿ. ಅದು ನನ್ನ ಕೆಲಸ."

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಆ ವರ್ಷದ ಮಳೆಗೆ ಆಸ್ಪತ್ರೆಯ ಮುಂದಿನ ರಸ್ತೆ ಕುಸಿದು, ಕೆಳಗಿನ ದೊಡ್ಡ ಪೈಪು ಒಡೆಯಿತು. ವಾರ್ಡಿನ ಪಾಯಖಾನೆಗಳಿಂದ ನೀರು ಉಲ್ಟಾ ಹೊಡೆದು ರೋಗಿಗಳ ಮಂಚದ ಕೆಳಗೆ ನಿಂತಿತು. ನಲವತ್ತು ಮಂದಿ ಏಳಲಾರದ ರೋಗಿಗಳು. ಎಂಜಿನಿಯರ್ ಬಂದು, "ಎಂಟ ದಿನದ ಮಟ್ಟಿಗೆ ಏನರೆ ಮಾಡು, ಯಮನೂರಪ್ಪಾ" ಎಂದರು. ಆಸ್ಪತ್ರೆಯ ಹಿಂದೆ ಹಳೇ ಕಾಲದ ಕಲ್ಲಿನ ಕಾಲುವೆಯೊಂದು ಮಣ್ಣಿನಡಿ ಹೂತಿದೆ ಎಂದು ಅವನಿಗೆ ಗೊತ್ತಿತ್ತು. ಅವನೂ ಇನ್ನು ಮೂವರೂ ಸೇರಿ ಸುರಿಯುವ ಮಳೆಯಲ್ಲೇ ಎರಡು ದಿನ ಅಗೆದು, ನೂರೈವತ್ತು ಅಡಿ ಪೈಪು ಎಳೆದು, ವಾರ್ಡಿನ ನೀರನ್ನು ಆ ಕಾಲುವೆಗೆ ತಿರುಗಿಸಿದರು. ಮೂರನೇ ದಿನ ವಾರ್ಡು ಒಣಗಿತು. ಕಾಲುವೆ ಎಲ್ಲೋ ದೂರದಲ್ಲಿ ಊರಿನ ದೊಡ್ಡ ಲೈನಿಗೇ ಸೇರುತ್ತಿತ್ತು. ಲಕ್ಷ ಮನೆಗಳ ನೀರಿನಲ್ಲಿ ವಾರ್ಡಿನ ನೀರು ಗುರುತಿಲ್ಲದಂತೆ ಬೆರೆತುಹೋಗುತ್ತಿತ್ತು. ಎಂಟು ದಿನದಲ್ಲಿ ಎಂಜಿನಿಯರ್‌ಗೆ ವರ್ಗವಾಯಿತು. ರಸ್ತೆ ರಿಪೇರಿಯಾಯಿತು, ಹೊಸ ನಕಾಶೆ ಬಂತು. ವಾರ್ಡಿನ ಲೈನನ್ನು ಮರಳಿ ಜೋಡಿಸಿದ್ದಾರೆಂದೇ ಎಲ್ಲರೂ ತಿಳಿದರು.

"ಮೂರ ಸಲ ಅರ್ಜಿ ಕೊಟ್ಟೆ. ನೋಡೋಣು ಅಂದ್ರು. ಆಮ್ಯಾಲ ನಾನೂ ಬಾಯಿ ಮುಚ್ಚಿದೆ." ಅವನು ಈಗಲೂ ಮಗಳ ಕಡೆ ತಿರುಗಿರಲಿಲ್ಲ. "ಬುಡಕ್ಕ ಕಾಂಕ್ರೀಟ್ ಹಾಕಿಲ್ಲ ಭಾಗ್ಯಾ. ಹಸೀ ಮಣ್ಣಿನ ಮ್ಯಾಲ ಪೈಪ್ ಇಟ್ಟೀನಿ. ಮೂವತ್ತನಾಕು ವರ್ಷದಾಗ ಹಂಗ ಮಾಡಿದ್ದು ಅದೊಂದ. ಯಾರಿಗೂ ತೋರಸೂವಂಥ ಕೆಲಸಲ್ಲ ಅದು. ಅದರ ಫಲಾನ ಈಗ ಉಣ್ಣಾಕತ್ತೀನಿ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಡಾಕ್ಟರ್ ಕಿತ್ತೂರ ಒಳಗೆ ಬಂದರು. "ಕಾಕಾ, ನಿಮ್ಮ ಜ್ವರ ಆ ಪೈಪಿನಿಂದ ಬಂದಿದ್ದಲ್ಲ. ಅದು ಬಂದಿದ್ದು ನಮ್ಮ ವಾರ್ಡಿನಿಂದ, ನಮ್ಮ ಕೈಯಿಂದ, ನಮ್ಮ ನಳಿಗಿಯಿಂದ. ತಪ್ಪ ಇದ್ರ ಅದು ನಮ್ಮದು. ಆ ಪೈಪಿನ್ಯಾಗ ಇರೂದು ಇದ್ರ, ಅದು ಔಷಧ."

ಯಮನೂರಪ್ಪ ಆಗ ತಿರುಗಿದ.

ಹನ್ನೆರಡು ಗಂಟೆಗೆ ಒಳಚರಂಡಿ ವಿಭಾಗದ ಎಂಜಿನಿಯರ್ ಮೇಘನಾ ಪಾಟೀಲ ಟ್ಯಾಬ್ ಹಿಡಿದು ಬಂದಳು. ಮೂವತ್ತು ದಾಟಿರದ ಹುಡುಗಿ, ಮಾತು ಖಡಕ್ಕು. ಆಸ್ಪತ್ರೆಯ ಹಿಂದಿನ ಜಾಗದಲ್ಲಿ ಈಗ ಆಂಬುಲೆನ್ಸ್‌ಗಳು ನಿಲ್ಲುತ್ತವೆ, ನೆಲಕ್ಕೆಲ್ಲ ಸಿಮೆಂಟ್ ಇಟ್ಟಿಗೆ ಹಾಸಿದೆ, ನಕಾಶೆಯಲ್ಲಿ ಅಲ್ಲಿ ಏನೂ ಇಲ್ಲ. ಜ್ವರದಲ್ಲಿರುವವರ ಒಂದು ಮಾತಿನ ಮೇಲೆ ಅದನ್ನು ಅಗೆಯಲು ತನಗೆ ಅಧಿಕಾರವಿಲ್ಲ ಎಂದಳು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಅಗೀಬ್ಯಾಡ್ರಿ," ಎಂದ ಯಮನೂರಪ್ಪ. ದಿಂಬಿಗೆ ಒರಗಿ ಕೂರಲು ಅವನಿಗೆ ಇಬ್ಬರ ಆಸರೆ ಬೇಕಾಯಿತು. "ಮೊದಲ ಬಣ್ಣ ಬಿಟ್ಟು ನೋಡ್ರಿ. ಈ ವಾರ್ಡಿನ ಬಚ್ಚಲಕ್ಕ ಹಸರ ಬಣ್ಣ ಸುರೀರಿ. 212ರ ಮುಚ್ಚಳ ತಗದು ನಿಲ್ರಿ. ನಕಾಶಾ ಖರೆ ಇದ್ರ ಏಳು ನಿಮಿಷಕ್ಕ ಬಣ್ಣ ಬರಬೇಕು. ಬರಲಿಲ್ಲಂದ್ರ ನನ್ನ ಮಾತ ಖರೆ."

ಮೇಘನಾ ಅವನನ್ನೇ ದಿಟ್ಟಿಸಿದಳು. ಲೈನು ಪರೀಕ್ಷೆ ಮಾಡುವವರಷ್ಟೇ ಹೇಳಬಹುದಾದ ಮಾತು ಅದು. "ಏಳ ನಿಮಿಷ ಹೆಂಗ್ರೀ?"

"ಆ ಹಳೇ ಲೈನಿನ ಇಳಿಜಾರು ನಾ ಹಿಡದಿದ್ದು. ನೂರ ಅಡಿಗೆ ಒಂದ ಅಡಿ."

ಬಣ್ಣ ಸುರಿದರು. ಏಳು ನಿಮಿಷವಲ್ಲ, ಅರ್ಧ ಗಂಟೆ ಕಾದರು. 212ರಲ್ಲಿ ಅನ್ನದ ಗಂಜಿಯ ಬೆಳ್ಳನೆಯ ನೀರು ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಮೇಘನಾ ಟ್ಯಾಬನ್ನು ಬ್ಯಾಗಿಗೆ ತುರುಕಿ ನೇರ ವಾರ್ಡಿಗೆ ಬಂದಳು. "ಎಲ್ಲಿ ಅಗೀಬೇಕು ಹೇಳ್ರಿ ಕಾಕಾರ."

"ಹಳೇ ಲಾಂಡ್ರಿ ಕಟ್ಟಡದ ಮೂಲಿ ಐತೇನು ಇನ್ನೂ?"

"ಐತ್ರಿ."

"ಮೂಲೀಗೆ ಬೆನ್ನ ಕೊಟ್ಟು ನಿಲ್ರಿ. ಮೂಡಲ ದಿಕ್ಕಿಗೆ ಹನ್ನೊಂದ ಹೆಜ್ಜಿ. ನಿಮ್ಮ ಹೆಜ್ಜಿ ಅಲ್ಲ, ನನ್ನವು, ಎರಡೂವರಿ ಅಡೀವು. ಅಲ್ಲಿಂದ ಬಲಕ್ಕ ನಾಕು. ಐದ ಅಡಿ ಕೆಳಗ ಕಾಲುವೀ ಚಪ್ಪಡಿ ಹತ್ತತೈತಿ, ಪೈಪ್ ಅಲ್ಲೇ ಕೂಡತೈತಿ. ಮಷಿನ್ ನಿಧಾನ ಇಳಸ್ರಿ, ಪೈಪ್ ಒಡೀಬ್ಯಾಡ್ರಿ."

ಮೂರು ಗಂಟೆಯ ಬಿಸಿಲಲ್ಲಿ ಅಗೆಯುವ ಯಂತ್ರ ಬಂತು. ಆಂಬುಲೆನ್ಸ್ ಚಾಲಕರು, ನರ್ಸುಗಳು, ಲಾಂಡ್ರಿಯ ಹೆಂಗಸರು ಸುತ್ತ ನೆರೆದರು. ಐದಡಿಗೆ ಏನೂ ಸಿಗಲಿಲ್ಲ. ಮೇಘನಾ ಕೈಯೆತ್ತಿ ಯಂತ್ರ ನಿಲ್ಲಿಸಿ, ಟೇಪು ಹಿಡಿದು ಮತ್ತೆ ಅಳೆದಳು. "ಇಟ್ಟಂಗಿ ಹಾಸುವಾಗ ನೆಲಾ ಎತ್ತರ ಮಾಡ್ಯಾರ. ಇನ್ನ ಒಂದ ಅಡಿ ಇಳಸು," ಎಂದಳು. ಆರಡಿ ಆಗುವಷ್ಟರಲ್ಲಿ ಕಬ್ಬಿಣ ಕಲ್ಲಿಗೆ ತಾಗಿದ ಸದ್ದು ಬಂತು.

ಚಪ್ಪಡಿ ಎತ್ತಿದಾಗ ಕೆಳಗೆ ನೀರು ಹರಿಯುತ್ತಿತ್ತು. ಕಲ್ಲಿನ ಗೋಡೆಯ ಉದ್ದಕ್ಕೂ ಹಸಿರು ಬಣ್ಣ ಮೆತ್ತಿಕೊಂಡು ಬಿಸಿಲಿಗೆ ಹೊಳೆಯಿತು. ನೆರೆದವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಮನುಷ್ಯರು ಕೆಳಗಿಳಿಯುವ ಕಾಲ ಮುಗಿದಿತ್ತು. ಯಂತ್ರದ ತೋಳಿಗೆ ಕಟ್ಟಿದ ಶೀಷೆ ಒಳಗಿಳಿದು ನೀರು ತುಂಬಿಕೊಂಡು ಬಂತು. ಭಾಗ್ಯಶ್ರೀ ಅದನ್ನು ಎರಡೂ ಕೈಯಲ್ಲಿ ಹಿಡಿದು ಮಂಜುಗಡ್ಡೆಯ ಡಬ್ಬಿಗೆ ಇಟ್ಟಳು.

ಮೇಘನಾ ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೂರೈವತ್ತು ಅಡಿಯನ್ನೂ ನೋಡುತ್ತಿದ್ದಳು. ಎದ್ದಾಗ ಅವಳ ಮುಖದಲ್ಲಿ ಬೇರೆಯದೇ ಕಳೆ ಇತ್ತು. ಭಾಗ್ಯಶ್ರೀ ಭಂಡಾರಕ್ಕೆ ಓಡಿದಳು. ಮೇಘನಾ ಮಾತ್ರ ವಾರ್ಡಿಗೆ ಹೋಗಿ ಆ ಚಿತ್ರವನ್ನು ಯಮನೂರಪ್ಪನ ಮುಂದೆ ಹಿಡಿದಳು.

"ನೋಡ್ರಿ ಕಾಕಾರ. ಇಪ್ಪತ್ತೈದು ವರ್ಷ. ಕಾಂಕ್ರೀಟ್ ಇಲ್ಲದ, ಹಸೀ ಮಣ್ಣಿನ ಮ್ಯಾಲ. ಒಂದ ಜಾಯಿಂಟ್ ಬಿಟ್ಟಿಲ್ಲ, ಒಂದ ಇಂಚ ಕುಸಿದಿಲ್ಲ. ನಾವು ಹೋದ ವರ್ಷ ಹಾಕಿದ್ದು ಎರಡ ಕಡೆ ಸೋರಾಕತ್ತೈತಿ."

ಯಮನೂರಪ್ಪ ಪರದೆಯನ್ನು ಕಣ್ಣಿನ ಹತ್ತಿರ ತಂದುಕೊಂಡು ಒಂದೊಂದು ಜಾಯಿಂಟನ್ನೂ ನೋಡಿದ. "ಇದು ರುದ್ರಪ್ಪನ ಕೈ," ಎಂದ ಒಂದು ಕಡೆ. "ಬಲ ಹಾಕಿ ಒತ್ತತಿದ್ದ." ನಂತರ ಕಣ್ಣು ಮುಚ್ಚಿ ಮಲಗಿದ. ಜ್ವರ ನೂರಾ ಮೂರು ಇತ್ತು.

ಭಂಡಾರದಲ್ಲಿ ಭಾಗ್ಯಶ್ರೀ ಆ ನೀರನ್ನು ಸೋಸಿದಳು. ಬ್ಯಾಕ್ಟೀರಿಯಾಗಳೆಲ್ಲ ಸೋಸುಕದಲ್ಲಿ ಉಳಿದವು. ಅವುಗಳಿಗಿಂತ ಎಷ್ಟೋ ಪಾಲು ಚಿಕ್ಕವಾದ ಫೇಜ್‌ಗಳು ಕೆಳಗಿಳಿದವು. ಅಪ್ಪನ ಪಿತ್ತದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯ ಮೇಲೆ ತೆಳ್ಳಗೆ ಹರಡಿ, ಅದರ ಮೇಲೆ ಸೋಸಿದ ನೀರನ್ನು ಹನಿಸಿದಳು. ಅದನ್ನು ತಿನ್ನುವ ಫೇಜ್ ಇದ್ದರೆ, ಬೆಳಗಾಗುವಷ್ಟರಲ್ಲಿ ಮಂಜಿನಂಥ ಆ ಪದರದಲ್ಲಿ ತೂತು ಬೀಳಬೇಕು. ಇಲ್ಲದಿದ್ದರೆ ಪದರ ಹಾಗೆಯೇ ಇರುತ್ತದೆ. ತಟ್ಟೆಯನ್ನು ಬೆಚ್ಚನೆಯ ಪೆಟ್ಟಿಗೆಯೊಳಗಿಟ್ಟು ಮನೆಗೆ ಹೋದಳು. ಮಾಡುವುದು ಇನ್ನೇನೂ ಇರಲಿಲ್ಲ.

ಬೆಳಿಗ್ಗೆ ಏಳಕ್ಕೆ ಅವಳು ಪೆಟ್ಟಿಗೆಯ ಬಾಗಿಲು ತೆಗೆದಳು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪದರದ ತುಂಬ ಸಾಸಿವೆ ಕಾಳಿನಷ್ಟು ದುಂಡನೆಯ, ತಿಳಿಯಾದ ತೂತುಗಳಿದ್ದವು. ಎಣಿಸತೊಡಗಿ ಅರವತ್ತಕ್ಕೆ ಬಿಟ್ಟಳು. ತಟ್ಟೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಮೊದಲ ಫೋನನ್ನು ಡಾಕ್ಟರಿಗೆ ಮಾಡಲಿಲ್ಲ, ಅವ್ವನಿಗೆ ಮಾಡಿದಳು.

"ಸಿಕ್ತ ಬೇ."

ಆ ಕಡೆ ಹುಲಿಗೆವ್ವ ಮೂಗು ಸೀಟಿಕೊಂಡ ಸದ್ದು ಕೇಳಿತು. "ಲಗೂನ ಒಯ್ದು ಕೊಡು," ಎಂದಳು ಆಮೇಲೆ.

ಬೇಗ ಎಂದರೂ ಎರಡು ದಿನ ಹಿಡಿಯಿತು. ಫೇಜನ್ನು ಬೆಳೆಸಬೇಕು, ಸತ್ತ ಬ್ಯಾಕ್ಟೀರಿಯಾದ ವಿಷವನ್ನೆಲ್ಲ ತೊಳೆದು ತೆಗೆಯಬೇಕು, ಅದರ ಜೀನ್‌ಗಳಲ್ಲಿ ಕೆಡುಕಿನದು ಏನೂ ಇಲ್ಲವೆಂದು ಓದಿ ನೋಡಬೇಕು. ಆ ಎರಡು ದಿನದಲ್ಲಿ ಯಮನೂರಪ್ಪನ ರಕ್ತದೊತ್ತಡ ಇಳಿಯಿತು, ಮಾತು ತೊದಲಿತು, ಒಂದು ಸಲ ಹೆಂಡತಿಯನ್ನು ರುದ್ರಪ್ಪ ಎಂದು ಕರೆದು ಸಿಮೆಂಟ್ ಕಲಸಲು ಹೇಳಿದ. "ಕಲಸೀನಿ, ತಗೊಳ್ರಿ," ಎಂದಳು ಹುಲಿಗೆವ್ವ, ಅವನ ಅಂಗೈಯನ್ನು ಗಟ್ಟಿಯಾಗಿ ಹಿಡಿದು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಡಾಕ್ಟರ್ ಕಿತ್ತೂರ ಪಕ್ಕೆಯ ನಳಿಕೆಯ ಮೂಲಕ ಹತ್ತು ಮಿಲಿ ತಿಳಿನೀರಿನಂಥ ದ್ರವವನ್ನು ಬಿಟ್ಟರು, ಮತ್ತಷ್ಟನ್ನು ರಕ್ತನಾಳಕ್ಕೆ ಕೊಟ್ಟರು. ಸಂಜೆ ಜ್ವರ ಏರಿತು. ಬ್ಯಾಕ್ಟೀರಿಯಾಗಳು ಒಡೆಯುವಾಗ ಹಾಗಾಗುತ್ತದೆ ಎಂದು ಗೊತ್ತಿದ್ದರೂ ಭಾಗ್ಯಶ್ರೀ ವಾರ್ಡಿನ ಗಾಜಿನ ಹೊರಗೆ ಕದಲದೆ ನಿಂತಿದ್ದಳು. ಶುಕ್ರವಾರ ನೂರಾ ಒಂದು. ಶನಿವಾರ ತೊಂಬತ್ತೊಂಬತ್ತು. ಭಾನುವಾರ ಯಮನೂರಪ್ಪ ಕಣ್ಣು ಬಿಟ್ಟು, "ಆ ಗುಂಡಿ ಸುತ್ತ ಬೇಲಿ ಹಾಕ್ಯಾರೋ ಇಲ್ಲೋ? ಯಾರರೆ ಬಿದ್ದಗಿದ್ದಾರು," ಎಂದು ಕೇಳಿದ. ಡಾಕ್ಟರ್ ಕಿತ್ತೂರ ನಕ್ಕು, ಕನ್ನಡಕ ತೆಗೆದು ಒರೆಸಿಕೊಂಡರು.

ಮೂರು ವಾರದ ನಂತರ ಗಡ್ಡೆ ಸುಟ್ಟರು. ಯಕೃತ್ತು ಪೂರ್ತಿ ಮೊದಲಿನಂತಾಗುವುದಿಲ್ಲ, ಮೂರು ತಿಂಗಳಿಗೊಮ್ಮೆ ತಪಾಸಣೆ ಮಾಡಿಸಲೇಬೇಕು, ಮತ್ತೆ ಬರುವುದಿಲ್ಲ ಎಂದು ಯಾರೂ ಬರೆದುಕೊಡಲಾರರು. ಇದನ್ನೆಲ್ಲ ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು. ಯಮನೂರಪ್ಪ ಗಮನವಿಟ್ಟು ಕೇಳಿ, "ತಪಾಸಣಿ ಮಾಡಸೂದು ಚಲೋನ. ಲೈನ್ ಆದ್ರೂ ವರ್ಷಕ್ಕೊಮ್ಮೆ ನೋಡಬೇಕಾಗ್ತೈತಿ," ಎಂದ.

ಹೊಸ ಫೇಜನ್ನು ಭಂಡಾರದ ಪಟ್ಟಿಗೆ ಸೇರಿಸುವಾಗ ಹೆಸರಿಡಬೇಕಿತ್ತು. ಹುಡುಕಿದವರ ಹೆಸರಿಡುವುದು ರೂಢಿ. ಭಾಗ್ಯಶ್ರೀ ಅಪ್ಪನ ಹೆಸರು ಬರೆದು ಅವನಿಗೆ ತೋರಿಸಿದಳು. ಅವನು ಬೇಡವೆಂದು ತಲೆಯಾಡಿಸಿದ.

"ನಾ ಒಬ್ಬನ ಮಾಡಿಲ್ಲವ್ವ. ರುದ್ರಪ್ಪ ಇದ್ದ, ಮಾಬುಸಾಬ ಇದ್ದ, ಕರಿಯಪ್ಪ ಇದ್ದ. ಆ ಮಳ್ಯಾಗ ನಾಕೂ ಮಂದಿ ನೆನದೀವಿ. ಮೂರ ಮಂದಿ ಈಗಿಲ್ಲ. ನನ್ನೊಬ್ಬನ ಹೆಸರ ಹಾಕಿದ್ರ ಅವರಿಗೆ ಏನಂತ ಹೇಳಲಿ?"

ಹೀಗಾಗಿ ಅದರ ಹೆಸರು 'ಗೌಂಡಿ' ಎಂದಾಯಿತು. ಮೇಘನಾ ಆ ನೂರೈವತ್ತು ಅಡಿಯನ್ನು ನಕಾಶೆಗೆ ಸೇರಿಸಿ, ಅದರ ಬಾಯಿಗೂ ಒಂದು ಕೊಳವೆ ಇಳಿಬಿಟ್ಟಳು. ಬುಡಕ್ಕೆ ಕಾಂಕ್ರೀಟ್ ಹಾಕುವ ದಿನ ಯಮನೂರಪ್ಪ ಗಾಲಿಕುರ್ಚಿಯಲ್ಲಿ ಬಂದು ಕೂತು ಇಳಿಜಾರು ನೋಡಿದ. ಎರಡು ಸಲ ಕಿತ್ತು ಮತ್ತೆ ಹಾಕಿಸಿದ. ಯಾರೂ ಎದುರಾಡಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ಮನೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಭಾಗ್ಯಶ್ರೀಗೆ ರಾಯಚೂರಿನ ಭಂಡಾರದಿಂದ ಫೋನ್ ಬಂತು. ಮಾತು ಮುಗಿಸಿ ಅವಳು ಅಪ್ಪನ ಪಕ್ಕ ಬಂದು ಕೂತಳು.

"ರಾಯಚೂರಾಗ ಒಬ್ಬಾಕಿಗೆ ಸೊನ್ನಿ ಬಂದಿತ್ತಂತ. ಮೊನ್ನೆ ಗೌಂಡಿ ಹಾಕಿ ನೋಡ್ಯಾರ. ಕೂಡಿಬಂತು."

"ಹೆಣ್ಮಗಳಾ? ಎಷ್ಟ ವಯಸ್ಸ?"

"ಇಪ್ಪತ್ತೆಂಟು. ತೇಜಸ್ವಿನಿ ಅಂತ, ಸಾಲಿ ಟೀಚರ್. ಯಕೃತ್ತಿನ ಗಡ್ಡಿನ ಅಪ್ಪಾ, ನಿನ್ನಂಗ. ಇವತ್ತ ಹನ್ನೊಂದಕ್ಕ ಕೊಡ್ತಾರ. ಭಾಳ ಹೆದರ್ಯಾಳಂತ. ಗಟಾರದ ನೀರಿಂದು ಮೈಯಾಗ ಬಿಡಸ್ಕೊಳ್ಳಾಂಗಿಲ್ಲ ಅನ್ನಾಕತ್ತಾಳಂತ. ಮೊದಲ ತಗೊಂಡವರ ಕೂಡ ಒಂದ ಮಾತ ಆಡಬೇಕಂತ. ಅಲ್ಲಿ ಡಾಕ್ಟರ್ ಕೇಳ್ಯಾರ, ನೀ ಒಪ್ಪಿದ್ರ ಅಷ್ಟ."

ಯಮನೂರಪ್ಪ ಬಟ್ಟಲು ಕೆಳಗಿಟ್ಟ. ಅಂಗಿಯ ಗುಂಡಿ ಸರಿಮಾಡಿಕೊಂಡ. ಹುಲಿಗೆವ್ವ, "ಫೋನಿನ್ಯಾಗ ಮಾತಾಡೂದಕ್ಕ ಅಂಗಿ ಯಾಕ ಸರಿ ಮಾಡ್ಕೋತೀರಿ?" ಎಂದು ನಕ್ಕಳು. ಅವನು ಮಗಳು ಹಚ್ಚಿಕೊಟ್ಟ ಫೋನನ್ನು ಕಿವಿಗೆ ಹಿಡಿದು ಬೆನ್ನು ನೆಟ್ಟಗೆ ಮಾಡಿ ಕೂತ. ಆ ಕಡೆಯಿಂದ ಬಹಳ ಸಣ್ಣ ದನಿಯೊಂದು ಹಲೋ ಎಂದಿತು.

"ಹೆದರಬ್ಯಾಡವ್ವ," ಎಂದ ಅವನು. "ನಾ ಬೆಳ್ಳಿಹಾಳದ ಗೌಂಡಿ ಮಾತಾಡಾಕತ್ತೀನಿ."